ಸಿಂಪ್ಯೂಟರ್: ಬೆಂಗಳೂರಿನ ಅಂಗೈ ಗಣಕದ ಒಳಗಿನ ಕಟ್ಟು

ಸಿಂಪ್ಯೂಟರ್ ಬೆಂಗಳೂರಿನಲ್ಲಿ ಹುಟ್ಟಿದ ಅಂಗೈ ಗಣಕ. ಸ್ಮಾರ್ಟ್‌ಫೋನುಗಳು ಮನೆಮಾತಾಗುವ ಕೆಲವು ವರ್ಷ ಮೊದಲೇ ಲಿನಕ್ಸ್ ಮೇಲೆ ನಡೆಯುತ್ತ, ಕನ್ನಡವನ್ನು ಪರದೆಯ ಮೇಲೆ ತೋರಿಸಿ, ತೋರಿಸಿದ್ದನ್ನು ಗಟ್ಟಿಯಾಗಿ ಓದಿ ಹೇಳಬಲ್ಲದ್ದಾಗಿತ್ತು. ಸಿಂಪಲ್, ಇನ್‌ಎಕ್ಸ್‌ಪೆನ್ಸಿವ್, ಮಲ್ಟಿಲಿಂಗ್ವಲ್, ಅಂದರೆ ಸರಳ, ಅಗ್ಗ, ಬಹುಭಾಷಿ ಎಂಬ ಮೂರು ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಕಂಪ್ಯೂಟರ್ ಎಂಬ ಪದದ ಬಾಲಕ್ಕೆ ಸೇರಿಸಿ ಈ ಹೆಸರು ಕಟ್ಟಲಾಯಿತು. ಮೊದಲ ಮಾದರಿಯನ್ನು 2001ರ ಏಪ್ರಿಲ್ 25ರಂದು ಜನರ ಮುಂದೆ ಇಡಲಾಯಿತು. ಭಾರೀ ಸಂಖ್ಯೆಯಲ್ಲಿ ತಯಾರಾದರೆ ಒಂದಕ್ಕೆ 9,000 ರೂಪಾಯಿಯೊಳಗೆ ಕೊಡಬೇಕು ಎಂಬುದು ಅಂದಿನ ಗುರಿ.

ಈ ಯಂತ್ರದ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಅದರ ಬೆಲೆ, ಮಾರಾಟ ಮತ್ತು ಸೋಲನ್ನೇ ಚರ್ಚಿಸಿದ್ದಾರೆ. ಅದರ ಮುಚ್ಚಳ ತೆಗೆದು ಒಳಗಿನ ಬೋರ್ಡನ್ನು ನೋಡಿದರೆ ಇನ್ನೊಂದು ಕಥೆ ತೆರೆದುಕೊಳ್ಳುತ್ತದೆ. ಯಾವ ಚಿಪ್ಪು ಹಾಕಬೇಕು, ಯಾವುದನ್ನು ಬಿಡಬೇಕು, ಎಲ್ಲಿ ಸೀಳು ಕೊರೆಯಬೇಕು, ಎಂಥ ಸೆಲ್ಲು ತುಂಬಬೇಕು ಎಂಬ ಪ್ರತಿ ತೀರ್ಮಾನದ ಹಿಂದೆ ಒಂದೇ ಪ್ರಶ್ನೆಯಿದೆ: ಇದನ್ನು ಕೈಯಲ್ಲಿ ಹಿಡಿಯುವವರು ಯಾರು? ಬೇರೆ ದೇಶಗಳ ಅಂಗೈ ಗಣಕಗಳು ಕಚೇರಿಗೆ ಹೋಗುವ ಒಬ್ಬ ವ್ಯಕ್ತಿಯ ಜೇಬಿಗೆಂದು ಹುಟ್ಟಿದವು. ಸಿಂಪ್ಯೂಟರನ್ನು ಒಂದು ಊರಿನ ಕೈಗೆಂದು ಕಟ್ಟಲಾಗಿತ್ತು. ಈ ಲೇಖನ ಆ ಕಟ್ಟಿನ ಪರಿಚಯ.

ಅಂಥ ಊರಿಗೆ ರಾಯಚೂರು ಜಿಲ್ಲೆ ಸಿಂಧನೂರು ತಾಲೂಕಿನ ತುರ್ವಿಹಾಳವನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಬೆಂಗಳೂರಿನಿಂದ ಸುಮಾರು 400 ಕಿಲೋಮೀಟರ್ ದೂರ, ಸುತ್ತ ಎರೆಭೂಮಿ, ತುಂಗಭದ್ರಾ ಎಡದಂಡೆ ನಾಲೆಯ ನೀರು ಸಿಕ್ಕಲ್ಲಿ ಭತ್ತ, ಸಿಗದಲ್ಲಿ ಜೋಳ, ಹತ್ತಿ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಪಹಣಿಗೆ, ಸಾಲದ ಕಾಗದಕ್ಕೆ, ಸಂತೆಯ ಧಾರಣೆಗೆ ಇಲ್ಲಿನ ರೈತ ಸಿಂಧನೂರಿನ ಬಸ್ಸು ಹತ್ತಬೇಕಿತ್ತು. ಸಿಂಪ್ಯೂಟರಿನ ಒಂದೊಂದು ಬಿಡಿಭಾಗವನ್ನೂ ಇಂಥ ಊರಿನ ಬಿಸಿಲು, ಧೂಳು, ಕರೆಂಟು, ಭಾಷೆಗಳ ಎದುರು ಹಿಡಿದು ನೋಡಿದರೆ ಅದರ ವಿನ್ಯಾಸಕಾರರು ಏನು ಯೋಚಿಸಿದ್ದರು ಎಂಬುದು ಬೇಗ ಅರ್ಥವಾಗುತ್ತದೆ.

ಹಿನ್ನೆಲೆ

1998ರಲ್ಲಿ ಬೆಂಗಳೂರು ಐಟಿ.ಕಾಮ್ ಮೇಳದ ಜೊತೆಯಲ್ಲೇ ಅಭಿವೃದ್ಧಿಶೀಲ ದೇಶಗಳ ಮಾಹಿತಿ ತಂತ್ರಜ್ಞಾನ ಕುರಿತ ಅಂತರರಾಷ್ಟ್ರೀಯ ವಿಚಾರ ಸಂಕಿರಣ ನಡೆಯಿತು. ಅಲ್ಲಿ ಹೊರಟ ಘೋಷಣೆಗೆ ಬೆಂಗಳೂರು ಘೋಷಣೆ ಎಂದೇ ಹೆಸರು. ಓದುಬರಹ ಬಾರದವರೂ ಬಳಸಬಲ್ಲ ಅಗ್ಗದ ಗಣಕದ ಯೋಚನೆ ಬೇರೂರಿದ್ದು ಆ ಚರ್ಚೆಗಳಲ್ಲಿ. ಮರುವರ್ಷ, 1999ರ ನವೆಂಬರಿನಲ್ಲಿ, ಸಿಂಪ್ಯೂಟರ್ ಟ್ರಸ್ಟ್ ಸ್ಥಾಪನೆಯಾಯಿತು. ಟ್ರಸ್ಟಿಗಳು ಏಳು ಮಂದಿ. ಭಾರತೀಯ ವಿಜ್ಞಾನ ಸಂಸ್ಥೆಯ ಗಣಕ ವಿಜ್ಞಾನ ವಿಭಾಗದಿಂದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯಿಂದ ವಿನಯ್ ದೇಶಪಾಂಡೆ, ಶಶಾಂಕ್ ಗರ್ಗ್, ಮಾರ್ಕ್ ಮಥಾಯಸ್. ನಾಲ್ವರು ಮೇಷ್ಟ್ರು, ಮೂವರು ಎಂಜಿನಿಯರು. ಲಾಭಕ್ಕಾಗಿ ನಡೆಯದ ಟ್ರಸ್ಟು ವಿನ್ಯಾಸ ಮಾಡುವುದು, ಕಂಪನಿಗಳು ಪರವಾನಗಿ ಪಡೆದು ತಯಾರಿಸುವುದು ಎಂಬ ಏರ್ಪಾಟು ಅವರದು.

ಅಷ್ಟರಲ್ಲಿ ಜಗತ್ತಿನ ಬೇರೆಡೆ ಅಂಗೈ ಗಣಕಕ್ಕೆ ಹದಿನೈದು ವರ್ಷದ ಚರಿತ್ರೆಯಿತ್ತು. 1984ರಲ್ಲಿ ಬ್ರಿಟನ್ನಿನ ಸೈಯಾನ್ ಕಂಪನಿ ಹೊರತಂದ ಆರ್ಗನೈಸರಿನಲ್ಲಿ 8 ಬಿಟ್ಟಿನ ಹಿಟಾಚಿ ಪ್ರೊಸೆಸರು, 2 ಕಿಲೋಬೈಟ್ ರ‍್ಯಾಮ್, 16 ಅಕ್ಷರದ ಒಂದೇ ಸಾಲಿನ ಪರದೆ ಇದ್ದವು. 1993ರ ಆ್ಯಪಲ್ ನ್ಯೂಟನ್ನಿನಲ್ಲಿ 20 ಮೆಗಾಹರ್ಟ್ಸ್ ವೇಗದ ಆರ್ಮ್ 610 ಚಿಪ್ಪು; 1996ರ ಪಾಮ್ ಪೈಲಟ್ಟಿನಲ್ಲಿ 16 ಮೆಗಾಹರ್ಟ್ಸಿನ ಮೊಟೊರೋಲಾ ಚಿಪ್ಪು, 160 ಚುಕ್ಕೆ ಅಗಲ, ಅಷ್ಟೇ ಎತ್ತರದ ಪರದೆ, ಎರಡು ಎಎಎ ಸೆಲ್ಲು. ಪಾಮ್ ಗೆದ್ದದ್ದು ಕಡಿಮೆ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದಕ್ಕೆ: ವಿಳಾಸ, ದಿನಚರಿ, ಟಿಪ್ಪಣಿ, ಅಷ್ಟೇ. ಆದರೆ ಆ ಕೆಲಸಗಳಿಗೆ ಇಂಗ್ಲಿಷ್ ಬರಬೇಕು, ಮೇಜಿನ ಮೇಲೆ ಇನ್ನೊಂದು ಗಣಕ ಇರಬೇಕು. ಎರಡೂ ಇಲ್ಲದವರಿಗೆ ಹೊಸದಾಗಿ ಯಂತ್ರ ಕಟ್ಟುವುದೇ ದಾರಿಯಾಗಿತ್ತು.

ಪ್ರೊಸೆಸರ್

ಸಿಂಪ್ಯೂಟರಿನ ಮಿದುಳು ಇಂಟೆಲ್ ಕಂಪನಿಯ ಸ್ಟ್ರಾಂಗ್‌ಆರ್ಮ್ ಎಸ್‌ಎ-1110. ಬ್ರಿಟನ್ನಿನ ಆರ್ಮ್ ವಿನ್ಯಾಸವನ್ನು ಅಮೆರಿಕದ ಡಿಜಿಟಲ್ ಕಂಪನಿ ಬಲಪಡಿಸಿ ಕಟ್ಟಿದ ವಂಶ ಇದು. ಡಿಜಿಟಲ್ ಮತ್ತು ಇಂಟೆಲ್ ನಡುವಿನ ವ್ಯಾಜ್ಯ ರಾಜಿಯಾದಾಗ ಅದು ಇಂಟೆಲ್ ಪಾಲಿಗೆ ಬಂತು. ಅದೇ ಕಾಲದ ಕಾಂಪ್ಯಾಕ್ ಐಪ್ಯಾಕ್ ಎಂಬ ದುಬಾರಿ ಅಂಗೈ ಗಣಕದೊಳಗೂ ಇದೇ ಚಿಪ್ಪು ಕುಳಿತಿತ್ತು. ಬಡವರ ಯಂತ್ರಕ್ಕೆ ಎರಡನೇ ದರ್ಜೆಯ ಮಿದುಳು ಸಾಕು ಎಂದು ಬೆಂಗಳೂರಿನ ತಂಡ ಭಾವಿಸಲಿಲ್ಲ. ಈ ತೀರ್ಮಾನದಲ್ಲಿ ನನಗೆ ಗೌರವ ಕಾಣುತ್ತದೆ. ಅಕ್ಷರ ಬಾರದವನಿಗೆ ಮಾತಿನಲ್ಲಿ ಉತ್ತರಿಸುವ ಯಂತ್ರಕ್ಕೆ ವಿಳಾಸ ಪುಸ್ತಕ ತೋರಿಸುವ ಯಂತ್ರಕ್ಕಿಂತ ಹೆಚ್ಚು ಲೆಕ್ಕಶಕ್ತಿ ಬೇಕು.

ಈ ಚಿಪ್ಪಿನ ವೇಗ 206 ಮೆಗಾಹರ್ಟ್ಸ್. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂಬುದನ್ನು ಹತ್ತಿರದಿಂದ ನೋಡಬೇಕು. ಚಿಪ್ಪಿನ ಪಕ್ಕದಲ್ಲೇ ಪುಟ್ಟ ಲೋಹದ ಡಬ್ಬಿಯೊಳಗೆ ಸ್ಫಟಿಕದ ಹರಳೊಂದು ಇರುತ್ತದೆ. ವಿದ್ಯುತ್ತು ಹರಿದರೆ ಅದು ಸೆಕೆಂಡಿಗೆ 36,86,400 ಸಲ ಮಿಡಿಯುತ್ತದೆ. ಚಿಪ್ಪಿನೊಳಗಿನ ಮಂಡಲವೊಂದು ಆ ಮಿಡಿತವನ್ನು 56ರಿಂದ ಗುಣಿಸುತ್ತದೆ: 20 ಕೋಟಿ 64 ಲಕ್ಷದ ಆಸುಪಾಸು. ಮೂಲ ಹರಳಿಗೆ 36,86,400 ಎಂಬ ವಿಚಿತ್ರ ಸಂಖ್ಯೆ ಆರಿಸಿದ್ದಕ್ಕೂ ಕಾರಣವಿದೆ. ಅದನ್ನು 16ರಿಂದ ಭಾಗಿಸಿದರೆ 2,30,400 ಬರುತ್ತದೆ. ಅದರ ಅರ್ಧ 1,15,200. ಹಾಗೇ ಇಳಿಸುತ್ತ ಬಂದರೆ 9,600. ಸೀರಿಯಲ್ ತಂತಿಯಲ್ಲಿ, ಇನ್‌ಫ್ರಾರೆಡ್ ಕಿರಣದಲ್ಲಿ ಗಣಕಗಳು ಮಾತಾಡುವ ವೇಗಗಳು ಇವೇ. ಒಂದು ಹರಳಿನಿಂದ ಲೆಕ್ಕವೂ ನಡೆಯಿತು, ಮಾತುಕತೆಯೂ ನಡೆಯಿತು.

ಎರಡನೆಯ ಹರಳೊಂದು ಇದೆ, ಸೆಕೆಂಡಿಗೆ 32,768 ಸಲ ಮಿಡಿಯುವಂಥದ್ದು. ಕೈಗಡಿಯಾರದಲ್ಲಿ ಇರುವುದೂ ಇಂಥದ್ದೇ. ಎರಡನ್ನು ಎರಡರಿಂದ ಗುಣಿಸುತ್ತ ಹದಿನೈದನೆಯ ಘಾತಕ್ಕೆ ಹೋದರೆ ಸಿಗುವ ಸಂಖ್ಯೆ ಅದು. ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು ಸೆಕೆಂಡು. ಗಣಕವನ್ನು ಮಲಗಿಸಿದಾಗ ದೊಡ್ಡ ಹರಳು ನಿಲ್ಲುತ್ತದೆ, ಚಿಕ್ಕದು ಎಚ್ಚರವಾಗಿದ್ದು ಗಡಿಯಾರ ನಡೆಸುತ್ತದೆ.

ಪರದೆ ನಡೆಸುವ ನಿಯಂತ್ರಕ, ಸೀರಿಯಲ್ ದ್ವಾರ, ಇನ್‌ಫ್ರಾರೆಡ್, ಯುಎಸ್‌ಬಿ, ಗಡಿಯಾರ ಎಲ್ಲವೂ ಎಸ್‌ಎ-1110ರ ಒಡಲೊಳಗೇ ಇದ್ದವು. ಮೇಜಿನ ಗಣಕದಲ್ಲಿ ನಾಲ್ಕೈದು ಚಿಪ್ಪುಗಳು ಹಂಚಿಕೊಳ್ಳುವ ಕೆಲಸವನ್ನು ಇಲ್ಲಿ ಒಂದು ಚಿಪ್ಪು ಹೊತ್ತುಕೊಂಡಿತ್ತು. ಬೋರ್ಡು ಚಿಕ್ಕದಾದದ್ದು, ಸೆಲ್ಲಿನ ಖರ್ಚು ಉಳಿದದ್ದು ಇದರಿಂದಲೇ. ಕೊರತೆಯೂ ಒಂದಿತ್ತು: ದಶಮಾಂಶದ ಲೆಕ್ಕಕ್ಕೆ ಪ್ರತ್ಯೇಕ ಘಟಕ ಇರಲಿಲ್ಲ. ಪೂರ್ಣಾಂಕದ ಲೆಕ್ಕ ಸರಸರ ಸಾಗಿದರೆ ದಶಮಾಂಶದ ಲೆಕ್ಕವನ್ನು ತಂತ್ರಾಂಶದಿಂದ ಬಿಡಿಸಿ ಮಾಡಬೇಕು, ಅದು ನಿಧಾನ. ಧ್ವನಿಯ ತಂತ್ರಾಂಶ ಬರೆದವರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕಿತ್ತು.

ನೆನಪು

ಸಿಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕ್ ಇಲ್ಲ. ತಿರುಗುವ ತಟ್ಟೆ, ಓಡಾಡುವ ಮುಳ್ಳು ಇದ್ದರೆ ಸೈಕಲ್ ಹ್ಯಾಂಡಲಿಗೆ ನೇತುಹಾಕಿದ ಚೀಲದಲ್ಲಿ ಹೊಲದ ದಾರಿ ಹಿಡಿಯುವುದು ಕಷ್ಟ. ಅದರ ಬದಲು 16 ಮೆಗಾಬೈಟ್ ಫ್ಲ್ಯಾಷ್ ಮತ್ತು 32 ಮೆಗಾಬೈಟ್ ರ‍್ಯಾಮ್ ಕೊಡಲಾಗಿತ್ತು. ಹೆಚ್ಚಿಸಿದ ಮಾದರಿಗಳಲ್ಲಿ ಇವು 32 ಮತ್ತು 64 ಆದವು. ಫ್ಲ್ಯಾಷ್ ಗೋಡೆಯ ಮೇಲೆ ಬರೆದಂತೆ, ಕರೆಂಟು ಹೋದರೂ ಉಳಿಯುತ್ತದೆ. ರ‍್ಯಾಮ್ ಸ್ಲೇಟಿನಂತೆ, ಕೆಲಸ ನಡೆಯುವಾಗ ಬರೆದು ಅಳಿಸುವ ಜಾಗ. ಸೆಲ್ಲು ಪೂರ್ತಿ ಸತ್ತರೆ ಖಾಲಿ. ಲಿನಕ್ಸಿನ ಕರ್ನಲ್, ಕನ್ನಡ ಹಿಂದಿ ಅಕ್ಷರಗಳ ಫಾಂಟು, ಧ್ವನಿಯ ತುಣುಕುಗಳು, ಬ್ರೌಸರು, ಬಳಸುವವರ ಟಿಪ್ಪಣಿ ಎಲ್ಲವೂ ಆ 16 ಮೆಗಾಬೈಟಿನೊಳಗೆ ಕೂರಬೇಕಿತ್ತು. ಇವತ್ತು ಫೋನಿನಲ್ಲಿ ತೆಗೆದ ನಾಲ್ಕೈದು ಚಿತ್ರಗಳಿಗೆ ಸಾಲದ ಜಾಗ ಅದು.

ಪರದೆ ಮತ್ತು ಕನ್ನಡದ ಅಕ್ಷರ

ಪರದೆ 320 ಚುಕ್ಕೆ ಎತ್ತರ, 240 ಚುಕ್ಕೆ ಅಗಲದ ಕಪ್ಪು-ಬಿಳುಪು ಎಲ್‌ಸಿಡಿ. ಒಟ್ಟು 76,800 ಚುಕ್ಕೆ. ಒಂದು ಚುಕ್ಕೆಗೆ ನಾಲ್ಕು ಬಿಟ್ ಎಂದು ಲೆಕ್ಕ ಹಿಡಿದರೂ ಇಡೀ ಪರದೆಯ ಚಿತ್ರ 38,400 ಬೈಟಿನಲ್ಲಿ ಮುಗಿಯುತ್ತದೆ. ಅದಕ್ಕೆ ಪ್ರತ್ಯೇಕ ವೀಡಿಯೊ ಮೆಮೊರಿ ಬೇಕಾಗುವುದಿಲ್ಲ. ಈ ಚಿಪ್ಪಿನ ಪರದೆ ನಿಯಂತ್ರಕ ರ‍್ಯಾಮಿನ ಒಂದು ಮೂಲೆಯಿಂದಲೇ ಚುಕ್ಕೆಗಳನ್ನು ಹೆಕ್ಕಿ ಗಾಜಿಗೆ ಕಳಿಸುತ್ತಿರುತ್ತದೆ. ಇನ್ನೊಂದು ಚಿಪ್ಪಿನ ಬೆಲೆ ಅಲ್ಲಿಗೆ ಉಳಿಯಿತು.

ಕನ್ನಡ ಬರೆಯುವವರಿಗೆ ಈ ಚುಕ್ಕೆಗಳ ಲೆಕ್ಕ ಬೇರೆಯೇ ಅರ್ಥ ಕೊಡುತ್ತದೆ. ರೋಮನ್ ಅಕ್ಷರವನ್ನು ಏಳೆಂಟು ಚುಕ್ಕೆ ಎತ್ತರದಲ್ಲಿ ಓದಬಹುದು. ‘ಲಕ್ಷ್ಮಿ’ ಎಂಬ ಹೆಸರನ್ನು ಅಷ್ಟರಲ್ಲಿ ಬರೆಯಲು ಹೋದರೆ ಮಸಿ ಚೆಲ್ಲಿದಂತೆ ಕಾಣುತ್ತದೆ. ಮೇಲೆ ಗುಡಿಸು, ನಡುವೆ ಮೂಲಾಕ್ಷರ, ಕೆಳಗೆ ಒತ್ತು, ಒತ್ತಿನ ಕೆಳಗೆ ಇನ್ನೊಂದು ಒತ್ತು. ಅಚ್ಚಿನ ಮೊಳೆ ಜೋಡಿಸುತ್ತಿದ್ದವರಿಗೂ ಬೆರಳಚ್ಚಿನವರಿಗೂ ತಲೆನೋವಾಗಿದ್ದ ಈ ಮಹಡಿಕಟ್ಟು ಪುಟ್ಟ ಪರದೆಯಲ್ಲಿ ಇನ್ನೂ ಕಠಿಣ. ಒಂದು ಸಾಲಿಗೆ 24 ಚುಕ್ಕೆ ಎತ್ತರ ಬಿಟ್ಟರೆ 320ರಲ್ಲಿ ಹದಿಮೂರು ಸಾಲು ಹಿಡಿಯುತ್ತದೆ. ಅಕ್ಷರಕ್ಕೆ 16 ಚುಕ್ಕೆ ಅಗಲ ಎಂದರೆ ಸಾಲಿಗೆ ಹದಿನೈದು ಅಕ್ಷರ. ಅಂದರೆ ಒಂದು ನೋಟಕ್ಕೆ ಇನ್ನೂರರಷ್ಟು ಅಕ್ಷರ. ಪಹಣಿಯ ಒಂದು ಹಾಳೆಯನ್ನು ನೆನಪಿಸಿಕೊಂಡರೆ ಈ ಜಾಗ ಎಷ್ಟು ಕಿರಿದು ಎಂಬುದು ತಿಳಿಯುತ್ತದೆ: ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಖರಾಬು, ಮಣ್ಣಿನ ನಮೂನೆ, ಸ್ವಾಧೀನದಾರರ ಹೆಸರು, ಋಣ, ಬೆಳೆ. ಕಾಗದದಲ್ಲಿ ಅಡ್ಡಕ್ಕೆ ಹರಡಿದ ಈ ಕಾಲಮ್ಮುಗಳನ್ನು ಇಲ್ಲಿ ಒಂದರ ಕೆಳಗೊಂದು ಇಳಿಸಿ, ತುಂಡು ತುಂಡಾಗಿ ತೋರಿಸದೆ ಬೇರೆ ದಾರಿಯಿಲ್ಲ.

ಅದಕ್ಕೆಂದೇ ತಂಡದವರು ಐಎಂಎಲ್ ಎಂಬ ಮಾಹಿತಿ ಗುರುತುಭಾಷೆಯನ್ನು ರೂಪಿಸಿದರು. ಅಂತರಜಾಲದ ಎಚ್‌ಟಿಎಂಎಲ್ ದೊಡ್ಡ ಪರದೆಗೆ, ಓದಬಲ್ಲವರಿಗೆ ಹುಟ್ಟಿದ್ದು. ಐಎಂಎಲ್ ಚಿಕ್ಕ ಪರದೆಗೆ, ಚಿತ್ರ ಮತ್ತು ಧ್ವನಿಯ ನೆರವು ಬೇಕಾದವರಿಗೆ. ಒಂದೇ ಪುಟವನ್ನು ಕನ್ನಡದಲ್ಲೂ ಹಿಂದಿಯಲ್ಲೂ ತಮಿಳಿನಲ್ಲೂ ತೋರಿಸಲು, ಓದಿಸಲು ಅದರಲ್ಲಿ ಅನುಕೂಲವಿತ್ತು.

ಪರದೆಯ ಮೇಲೆ ಸ್ಪರ್ಶ ಫಲಕ. ಈಗಿನ ಫೋನುಗಳಂತೆ ಬೆರಳಿನ ವಿದ್ಯುದಂಶವನ್ನು ಗ್ರಹಿಸುವಂಥದ್ದಲ್ಲ, ಒತ್ತಡಕ್ಕೆ ಓಗೊಡುವಂಥದ್ದು. ವಿದ್ಯುತ್ತು ಹರಿಯುವ ಲೇಪವಿರುವ ಎರಡು ಪದರಗಳು ಕೂದಲೆಳೆಯ ಅಂತರದಲ್ಲಿ ಇರುತ್ತವೆ. ಸ್ಟೈಲಸ್ ಎಂಬ ಪ್ಲಾಸ್ಟಿಕ್ ಕಡ್ಡಿಯಿಂದ ಒತ್ತಿದಲ್ಲಿ ಎರಡೂ ತಾಗುತ್ತವೆ. ತಾಗಿದ ಜಾಗದ ವೋಲ್ಟೇಜನ್ನು ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಅಳೆದರೆ ಬಿಂದು ಎಲ್ಲಿದೆ ಎಂದು ಗೊತ್ತಾಗುತ್ತದೆ. ಸ್ಟ್ರಾಂಗ್‌ಆರ್ಮ್ ಚಿಪ್ಪಿಗೆ ವೋಲ್ಟೇಜ್ ಅಳೆಯುವ ಶಕ್ತಿ ಸ್ವತಃ ಇರಲಿಲ್ಲ. ಅದನ್ನು ಬಳಸಿದ ಸಾಧನಗಳಲ್ಲಿ ಸ್ಪರ್ಶ ಅಳೆಯಲು, ಧ್ವನಿಯನ್ನು ಅಂಕಿಯಾಗಿಸಲು ಜೊತೆಯ ಚಿಪ್ಪುಗಳು ಬೇಕಾಗುತ್ತಿದ್ದವು. ಒತ್ತಡದ ಫಲಕ ಹಳ್ಳಿಗೆ ಒಪ್ಪುವಂಥದ್ದು. ಎರೆಮಣ್ಣು ಮೆತ್ತಿದ ಕೈಯೂ ನಡೆಯುತ್ತದೆ, ಉಗುರೂ ನಡೆಯುತ್ತದೆ, ಕಡ್ಡಿ ಕಳೆದರೆ ಮುಚ್ಚಳ ಹಾಕಿದ ಪೆನ್ನೂ ನಡೆಯುತ್ತದೆ. ಮರಳಿನ ಕಣದಿಂದ ಗೀರು ಬೀಳುವುದು ಮಾತ್ರ ಅದರ ಶತ್ರು. ಆ ಕಾಲದ ಎಲ್‌ಸಿಡಿ ಪರದೆಗಳ ಕಪ್ಪು-ಬಿಳುಪಿನ ಹದ ಬಿಸಿಗೆ ಬದಲಾಗುತ್ತಿದ್ದುದರಿಂದ ರಾಯಚೂರಿನ ಮೇ ತಿಂಗಳಲ್ಲಿ ಅಂಥ ಪರದೆಯ ಹದವನ್ನು ಮತ್ತೆ ಮತ್ತೆ ಸರಿಮಾಡಿಕೊಳ್ಳಬೇಕಾಗುತ್ತದೆ.

ಕೀಲಿಮಣೆ ಇಲ್ಲ. ಟ್ಯಾಪ್-ಎ-ಟ್ಯಾಪ್ ಎಂಬ ತಂತ್ರಾಂಶ ಕಡ್ಡಿಯ ಬರಹವನ್ನು ಗುರುತಿಸುತ್ತಿತ್ತು.

ಧ್ವನಿ

ಸ್ಪೀಕರು ಮತ್ತು ಮೈಕು ಈ ಬೋರ್ಡಿನಲ್ಲಿ ಅಲಂಕಾರಕ್ಕೆ ಬಂದವಲ್ಲ. ಪಾಮ್ ಪೈಲಟ್ ಬೀಪ್ ಎನ್ನುವುದಕ್ಕೆ ಮಾತ್ರ ಬಾಯಿ ತೆರೆಯುತ್ತಿತ್ತು. ಸಿಂಪ್ಯೂಟರ್ ಮಾತಾಡಬೇಕಿತ್ತು. ಟ್ರಸ್ಟಿನ ಆಶ್ರಯದಲ್ಲಿ ರಮೇಶ್ ಹರಿಹರನ್ ಮತ್ತು ಜೊತೆಗಾರರು ಕಟ್ಟಿದ ‘ಧ್ವನಿ’ ತಂತ್ರಾಂಶ ಬರಹವನ್ನು ಮಾತಾಗಿಸುತ್ತಿತ್ತು. ಕನ್ನಡದ ಬರಹಕ್ಕೂ ಉಚ್ಚಾರಕ್ಕೂ ಇರುವ ಹತ್ತಿರದ ನಂಟು ಇಲ್ಲಿ ನೆರವಿಗೆ ಬಂತು. ಬರೆದಂತೆ ಓದುವ ಭಾಷೆಯಾದ್ದರಿಂದ ಇಂಗ್ಲಿಷಿಗೆ ಬೇಕಾದಂಥ ಲಕ್ಷಾಂತರ ಪದಗಳ ಉಚ್ಚಾರಕೋಶ ಬೇಕಿಲ್ಲ. ವ್ಯಂಜನದಿಂದ ಸ್ವರಕ್ಕೆ, ಸ್ವರದಿಂದ ವ್ಯಂಜನಕ್ಕೆ ಬಾಯಿ ಹೊರಳುವ ತುಣುಕುಗಳನ್ನು ಮನುಷ್ಯರ ಧ್ವನಿಯಲ್ಲಿ ಮುದ್ರಿಸಿ, ಕುಗ್ಗಿಸಿ ಫ್ಲ್ಯಾಷಿನಲ್ಲಿಟ್ಟು, ಬೇಕಾದಂತೆ ಪೋಣಿಸುವುದು ಅದರ ಕ್ರಮ. ಕುಗ್ಗಿಸಲು ಬಳಸಿದ್ದು ಮೊಬೈಲ್ ಫೋನಿನ ಜಿಎಸ್‌ಎಂ ಪದ್ಧತಿ. ಇಂಥ ಹಗುರ ವಿಧಾನದಿಂದಲೇ ದಶಮಾಂಶ ಘಟಕವಿಲ್ಲದ ಚಿಪ್ಪಿನ ಮೇಲೂ ಮಾತು ಹೊರಟಿತು. ದನಿ ಏರಿಳಿತವಿಲ್ಲದೆ ಸ್ವಲ್ಪ ಯಾಂತ್ರಿಕವಾಗಿದ್ದರೂ ಅರ್ಥವಾಗುತ್ತಿತ್ತು.

ಓದಬಲ್ಲವರೊಬ್ಬರು ಓದಿ ಉಳಿದವರು ಕೇಳಿಸಿಕೊಳ್ಳುವುದು ಈ ಸೀಮೆಗೆ ಬಹಳ ಹಳೆಯ ರೂಢಿ. ತುರ್ವಿಹಾಳದಿಂದ ದೂರವಿಲ್ಲದ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಬಂಡೆ ಶಾಸನವೂ ಸಣ್ಣವರಿಗೂ ದೊಡ್ಡವರಿಗೂ ವಿಷಯವನ್ನು ಹೇಳಬೇಕೆಂದೇ ಸೂಚಿಸುತ್ತದೆ. ತಾಲೂಕು ಕಚೇರಿ ಮುಂದೆ ಕಾಗದ ಹಿಡಿದು ‘ಏನು ಬರದಾರ ಓದಿ ಹೇಳ್ರಿ’ ಎಂದು ಕೇಳುವವರನ್ನು ಕಂಡವರಿಗೆ ಆ ಸ್ಪೀಕರಿನ ಬೆಲೆ ಗೊತ್ತು.

ಸ್ಮಾರ್ಟ್ ಕಾರ್ಡಿನ ಸೀಳು

ಇಡೀ ಯಂತ್ರದಲ್ಲಿ ಅತಿ ಮುಖ್ಯವಾದ ಭಾಗ ಯಾವುದು ಎಂದು ಕೇಳಿದರೆ ಪ್ರೊಸೆಸರನ್ನು ಬಿಟ್ಟು ಸ್ಮಾರ್ಟ್ ಕಾರ್ಡು ತೂರಿಸುವ ಸೀಳನ್ನೇ ತೋರಿಸಬೇಕು. 9,000 ರೂಪಾಯಿಯೂ ಒಂದು ಬಡ ಮನೆಗೆ ದೊಡ್ಡ ಮೊತ್ತ ಎಂಬುದು ಟ್ರಸ್ಟಿಗೆ ಮೊದಲ ದಿನದಿಂದ ಗೊತ್ತಿತ್ತು. ಹಾಗಾಗಿ ಯಂತ್ರ ಪಂಚಾಯಿತಿಯದೋ ಶಾಲೆಯದೋ ಸ್ವಸಹಾಯ ಸಂಘದ್ದೋ ಅಂಗಡಿಯವರದೋ ಆಗಿರಲಿ, ಕಾರ್ಡು ಮಾತ್ರ ಒಬ್ಬೊಬ್ಬರದಾಗಿರಲಿ ಎಂದು ಅವರು ಯೋಚಿಸಿದರು.

ಕಾರ್ಡಿನ ಮೇಲಿನ ಚಿನ್ನದ ಬಣ್ಣದ ಚೌಕವನ್ನು ಹತ್ತಿರ ಹಿಡಿದು ನೋಡಿದರೆ ಸಣ್ಣ ಗೆರೆಗಳು ಅದನ್ನು ಎಂಟು ತುಂಡು ಮಾಡಿರುವುದು ಕಾಣುತ್ತದೆ. ಒಂದರಿಂದ ವಿದ್ಯುತ್ತು ಒಳಹೋಗುತ್ತದೆ, ಒಂದು ಭೂಸಂಪರ್ಕ, ಒಂದು ಗಡಿಯಾರದ ಮಿಡಿತಕ್ಕೆ, ಒಂದು ಮೊದಲಿನಿಂದ ಶುರುಮಾಡು ಎಂಬ ಸೂಚನೆಗೆ, ಒಂದರಲ್ಲಿ ಮಾಹಿತಿ ಹೋಗಿಬರುತ್ತದೆ. ಉಳಿದವುಗಳಿಗೆ ಕೆಲಸ ಕಡಿಮೆ. ಚೌಕದ ಹಿಂದೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಸಿಲಿಕಾನ್ ಚೂರು. ಕಾರ್ಡು ಸೀಳಿನೊಳಗೆ ಹೋದಾಗ ಸ್ಪ್ರಿಂಗಿನಂಥ ಮುಳ್ಳುಗಳು ಎಂಟೂ ತುಂಡುಗಳ ಮೇಲೆ ಕೂರುತ್ತವೆ, ವಿದ್ಯುತ್ತು ಸಿಕ್ಕ ಕಾರ್ಡು ತಾನು ಯಾರೆಂದು ಹೇಳುತ್ತದೆ. ಕೆಲವೇ ಕಿಲೋಬೈಟ್ ಹಿಡಿಯುವ ಆ ಚೂರಿನಲ್ಲಿ ಹೆಸರು, ಗುಪ್ತಸಂಖ್ಯೆ, ಸಾಲದ ಬಾಕಿ, ಕಟ್ಟಿದ ಕಂತು ಇಷ್ಟು ಇಡಬಹುದು. ಸಂಘದ ಹತ್ತಿಪ್ಪತ್ತು ಹೆಣ್ಣುಮಕ್ಕಳು ವಾರದ ಸಭೆಯಲ್ಲಿ ಒಂದೇ ಯಂತ್ರವನ್ನು ಕೈಯಿಂದ ಕೈಗೆ ದಾಟಿಸುತ್ತ ತಂತಮ್ಮ ಕಾರ್ಡು ತೂರಿಸಿ ಲೆಕ್ಕ ಕೇಳಿಸಿಕೊಳ್ಳಬಹುದು. ಕಾರ್ಡು ತೆಗೆದ ಮೇಲೆ ಒಬ್ಬಳ ಲೆಕ್ಕ ಇನ್ನೊಬ್ಬಳಿಗೆ ಕಾಣದು. ಕಿರುಸಾಲದ ಕೆಲಸಕ್ಕೆ ಮೈಸೂರಿನ ಸಂಘಮಿತ್ರ ಸಂಸ್ಥೆಯಲ್ಲಿ ಸಿಂಪ್ಯೂಟರಿನ ಪ್ರಯೋಗ ನಡೆಯಿತು.

ಜಗತ್ತಿನ ಅಂಗೈ ಗಣಕಗಳೆಲ್ಲ ಒಬ್ಬರಿಗೆ ಒಂದು ಎಂಬ ಲೆಕ್ಕದಲ್ಲಿ ಹೊರಟಿದ್ದಾಗ, ಒಂದನ್ನು ಹಲವರು ಹಂಚಿಕೊಂಡೂ ಪ್ರತಿಯೊಬ್ಬರ ಗುಟ್ಟು ಅವರವರಲ್ಲೇ ಉಳಿಯುವಂತೆ ಯಂತ್ರಾಂಶದ ಮಟ್ಟದಲ್ಲೇ ಯೋಚಿಸಿದ್ದು ಬೆಂಗಳೂರಿನ ಈ ತಂಡದ ದೊಡ್ಡ ಕಾಣಿಕೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊರಗಿನ ನಂಟು ಮತ್ತು ಸೆಲ್ಲು

ಟೆಲಿಫೋನ್ ತಂತಿ ಚುಚ್ಚುವ ಕಿಂಡಿ ಮತ್ತು ಅದಕ್ಕೆ ಮೋಡೆಮ್ಮು, ಯುಎಸ್‌ಬಿ, ಇನ್‌ಫ್ರಾರೆಡ್ ಇವು ಸಿಂಪ್ಯೂಟರ್ ಹೊರಜಗತ್ತಿಗೆ ತೆರೆದ ಬಾಗಿಲುಗಳು. 2001ರಲ್ಲಿ ಹಳ್ಳಿಗೆ ಅಂತರಜಾಲ ಎಂದರೆ ಎಸ್‌ಟಿಡಿ ಬೂತಿನ ಅಥವಾ ಅಂಚೆ ಕಚೇರಿಯ ಫೋನ್ ತಂತಿಯೇ. ಮೊಬೈಲ್ ಸಂಪರ್ಕದ ಚಿಪ್ಪು ಇದರಲ್ಲಿರಲಿಲ್ಲ. ಮುಂದಿನ ನಾಲ್ಕೈದು ವರ್ಷಗಳಲ್ಲಿ ಊರೂರಿಗೆ ಮೊಬೈಲ್ ಗೋಪುರ ಬಂದಾಗ ಈ ಕೊರತೆಯೇ ಅದಕ್ಕೆ ಭಾರವಾಯಿತು.

ಶಕ್ತಿಗೆ ಮೂರು ಎಎಎ ಸೆಲ್ಲು, ಟೀವಿ ರಿಮೋಟಿಗೆ ಹಾಕುವ ಅಳತೆಯವು. ಮರುಪೂರಣ ಮಾಡಬಲ್ಲ ನಿಕೆಲ್ ಜಾತಿಯವಾದರೆ ಒಂದಕ್ಕೆ 1.2 ವೋಲ್ಟ್, ಮೂರಕ್ಕೆ 3.6. ಬೋರ್ಡಿಗೆ ಬೇಕಾದದ್ದು ಮಾತ್ರ ಒಂದೇ ವೋಲ್ಟೇಜಲ್ಲ. ಪ್ರೊಸೆಸರಿನ ತಿರುಳಿಗೆ 1.75 ವೋಲ್ಟ್ ಸಾಕು, ಸುತ್ತಲಿನ ಮಂಡಲಗಳಿಗೆ 3.3 ಬೇಕು, ಎಲ್‌ಸಿಡಿಗೆ ಇನ್ನೂ ಹೆಚ್ಚು. ಬಳಸುತ್ತ ಹೋದಂತೆ ಸೆಲ್ಲುಗಳ ಒಟ್ಟು ವೋಲ್ಟೇಜು 3.3ಕ್ಕಿಂತಲೂ ಕೆಳಗೆ ಜಾರುತ್ತದೆ; ಆಗಲೂ ಏರಿಸಿ ಇಳಿಸಿ ಹದವಾಗಿ ಬಡಿಸುವ ಪರಿವರ್ತಕಗಳಿರಬೇಕು. ಬೋರ್ಡಿನಲ್ಲಿ ಕಣ್ಣಿಗೆ ಬೀಳುವ ದಪ್ಪ ಸುರುಳಿಗಳು, ಕೆಪ್ಯಾಸಿಟರುಗಳು ಇರುವುದು ಈ ಅಡುಗೆಮನೆಯಲ್ಲಿ. ಎಎಎ ಆರಿಸಿದ್ದರ ಜಾಣತನ ಸ್ಪಷ್ಟ: ಸಂತೆಯಲ್ಲೂ ಸಿಗುವ ಅಳತೆ, ದಿನಗಟ್ಟಲೆ ಕರೆಂಟು ಹೋದರೂ ಕೆಲಸ ನಿಲ್ಲದು.

ತೆರೆದ ನಕ್ಷೆ

ಲಿನಕ್ಸ್ ಬಳಸಿದ್ದರಿಂದ ತಂತ್ರಾಂಶ ಮುಕ್ತವಾಗಿತ್ತು. ಟ್ರಸ್ಟು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಬೋರ್ಡಿನ ವಿನ್ಯಾಸವನ್ನೂ ತೆರೆದಿಡಲು ಸಿಂಪ್ಯೂಟರ್ ಸಾಮಾನ್ಯ ಸಾರ್ವಜನಿಕ ಪರವಾನಗಿ ಎಂಬ ಹೊಸ ಒಪ್ಪಂದ ಬರೆಯಿತು. ನಕ್ಷೆಯನ್ನು ಯಾರಾದರೂ ಓದಬಹುದು; ತಯಾರಿಸಿ ಮಾರುವವರು ಟ್ರಸ್ಟಿಗೆ ಒಂದು ಸಲದ ಶುಲ್ಕ ಕೊಡಬೇಕು, ಅದು ಬಡ ದೇಶಗಳ ಕಂಪನಿಗಳಿಗೆ ಕಡಿಮೆ, ಶ್ರೀಮಂತ ದೇಶಗಳವರಿಗೆ ಹೆಚ್ಚು; ನಕ್ಷೆಯಲ್ಲಿ ಮಾಡಿಕೊಂಡ ಸುಧಾರಣೆಯನ್ನು ಒಂದು ಅವಧಿಯ ನಂತರ ಎಲ್ಲರಿಗೂ ಬಿಟ್ಟುಕೊಡಬೇಕು. ಮುಕ್ತ ಯಂತ್ರಾಂಶ ಎಂಬ ಮಾತು ಇನ್ನೂ ಹೆಚ್ಚು ಕೇಳಿಬರದ ಕಾಲ ಅದು. ಆರ್ಡುಯಿನೊ ಬೋರ್ಡುಗಳು ಬಂದದ್ದು 2005ರಲ್ಲಿ. ನಕ್ಷೆ ನಮ್ಮದಾಗಿದ್ದರೂ ಅದರ ಮೇಲೆ ಕೂರುವ ಪ್ರೊಸೆಸರು, ಮೆಮೊರಿ, ಎಲ್‌ಸಿಡಿ ಗಾಜು ಹೊರದೇಶದಿಂದಲೇ ಬರಬೇಕಿತ್ತು. ಸಾವಿರದ ಲೆಕ್ಕದಲ್ಲಿ ಕೊಂಡರೆ ಒಂದು ಬೆಲೆ, ಲಕ್ಷದ ಲೆಕ್ಕದಲ್ಲಿ ಕೊಂಡರೆ ಇನ್ನೊಂದು. ಅಗ್ಗವಾಗಲು ಬಹಳ ಮಾರಾಟವಾಗಬೇಕು, ಬಹಳ ಮಾರಾಟವಾಗಲು ಮೊದಲು ಅಗ್ಗವಾಗಬೇಕು. ಈ ಗಂಟನ್ನು ಕೊನೆಗೂ ಬಿಡಿಸಲಾಗಲಿಲ್ಲ.

ಅಮಿಡಾ

ಪರವಾನಗಿ ಪಡೆದ ಕಂಪನಿಗಳು ಎರಡು. ಒಂದು ಎನ್‌ಕೋರ್, ಇನ್ನೊಂದು ಪ್ರಾಧ್ಯಾಪಕರು ಕಟ್ಟಿದ ಪಿಕೊಪೆಟಾ. ಪಿಕೊಪೆಟಾ ಸಾರ್ವಜನಿಕ ವಲಯದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಜೊತೆ ಸೇರಿ 2004ರಲ್ಲಿ ಅಮಿಡಾ ಸಿಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಮತಯಂತ್ರ ತಯಾರಿಸಿದ ಕೈಗಳೇ ಅಂಗೈ ಗಣಕವನ್ನೂ ಜೋಡಿಸಿದವು. ಕಪ್ಪು-ಬಿಳುಪು ಮಾದರಿಗೆ ಸುಮಾರು 10,000 ರೂಪಾಯಿ, ಬಣ್ಣದ್ದಕ್ಕೆ ಸುಮಾರು 20,000.

ಅಮಿಡಾದ ಬೋರ್ಡಿನಲ್ಲಿ ಹಿಂದೆ ಇಲ್ಲದ ಒಂದು ಚಿಪ್ಪು ಸೇರಿತು, ವೇಗವರ್ಧನ ಮಾಪಕ. ಅದರೊಳಗೆ ಸಿಲಿಕಾನಿನಲ್ಲೇ ಕೆತ್ತಿದ, ಕಣ್ಣಿಗೆ ಕಾಣದಷ್ಟು ತೆಳುವಾದ ಕೊಂಬೆಗಳ ಮೇಲೆ ತೂಗುವ ತೂಕವೊಂದು ಇರುತ್ತದೆ. ಕೈ ವಾಲಿದರೆ ಅದೂ ವಾಲುತ್ತದೆ, ಪಕ್ಕದ ಪಟ್ಟಿಗಳಿಂದ ಅದರ ಅಂತರ ಬದಲಾಗುತ್ತದೆ, ಆ ಬದಲಾವಣೆ ವಿದ್ಯುತ್ ಸಂಕೇತವಾಗುತ್ತದೆ. ಇದರಿಂದ ಅಮಿಡಾವನ್ನು ಕೈಯಲ್ಲಿ ತಿರುಗಿಸಿದರೆ ಪುಟ ಮಗುಚುತ್ತಿತ್ತು. ಓರೆ ಮಾಡಿದರೆ ಪರದೆಯ ಮೇಲಿನ ಗೋಲಿ ಉರುಳುತ್ತಿತ್ತು. ಐಫೋನ್ ಇದೇ ಬಗೆಯ ಮಾಪಕದಿಂದ ಜಗತ್ತನ್ನು ಬೆರಗುಗೊಳಿಸಿದ್ದು 2007ರಲ್ಲಿ.

ಬಳಕೆ

ಕರ್ನಾಟಕ ಸರ್ಕಾರ ಭೂದಾಖಲೆಗಳ ಮಾಹಿತಿ ಸಂಗ್ರಹಕ್ಕೆ ಸಿಂಪ್ಯೂಟರನ್ನು ಬಳಸಿತು. ಅದೇ ಹೊತ್ತಿಗೆ ಭೂಮಿ ಯೋಜನೆಯಲ್ಲಿ ತಾಲೂಕು ಕಚೇರಿಗಳ ಕಿಟಕಿಯಲ್ಲಿ 15 ರೂಪಾಯಿಗೆ ಗಣಕೀಕೃತ ಪಹಣಿ ಸಿಗತೊಡಗಿತ್ತು. ಪಹಣಿ ಕಚೇರಿಯಿಂದ ಮುದ್ರಿತವಾಗಿ ಹೊರಬಂದರೂ ಅದರೊಳಗಿನ ಬೆಳೆಯ ಕಾಲಮ್ಮು ಹೊಲದಲ್ಲೇ ತುಂಬಬೇಕಾದದ್ದು. ಗ್ರಾಮ ಲೆಕ್ಕಿಗರು ಬದುವಿನ ಮೇಲೆ ನಿಂತು ಮುಂಗಾರು ಹಿಂಗಾರಿನ ಬೆಳೆ ಬರೆದುಕೊಳ್ಳುವ ಕೆಲಸಕ್ಕೆ ಅಂಗೈ ಗಣಕ ಒಪ್ಪುತ್ತದೆ ಎಂಬುದನ್ನು ಆ ಪ್ರಯೋಗ ತೋರಿಸಿತು. ಗೋವಾದಲ್ಲಿ ಗಣಿಯಿಂದ ಬಂದರಿನವರೆಗೆ ಅದಿರಿನ ಸಾಗಣೆ ಗಮನಿಸಲು, ಮಹೀಂದ್ರ ವಾಹನಗಳ ಎಂಜಿನ್ ತಪಾಸಣೆಗೆ ಕೂಡ ಸಿಂಪ್ಯೂಟರ್ ಬಳಕೆಯಾಯಿತು. ಎನ್‌ಕೋರ್ ಇದೇ ತಳಹದಿಯ ಮೇಲೆ ಭಾರತೀಯ ಸೇನೆಗಾಗಿ ‘ಸಾಥಿ’ ಎಂಬ ಗಟ್ಟಿಮುಟ್ಟಾದ ಸಾಧನ ರೂಪಿಸಿತು. ಅದರಲ್ಲಿ ಜಿಪಿಎಸ್ಸೂ ರೇಡಿಯೊ ಸಂಪರ್ಕವೂ ಸೇರಿದವು.

2001ರಲ್ಲಿ ನ್ಯೂಯಾರ್ಕ್ ಟೈಮ್ಸಿನಲ್ಲಿ ಲೇಖಕ ಬ್ರೂಸ್ ಸ್ಟರ್ಲಿಂಗ್ ಆ ವರ್ಷದ ಮಹತ್ವದ ಗಣಕ ಆವಿಷ್ಕಾರವೆಂದು ಇದನ್ನು ಹೊಗಳಿದ್ದರು. ಮಾರಾಟ ಆ ಹೊಗಳಿಕೆಗೆ ತಕ್ಕಂತೆ ಏರಲಿಲ್ಲ. 50,000ದ ಗುರಿಯ ಎದುರು 2005ರ ಹೊತ್ತಿಗೆ ಸುಮಾರು 4,000 ಯಂತ್ರಗಳು ಮಾತ್ರ ಹೋಗಿದ್ದವು. ಅಷ್ಟರಲ್ಲಿ ಇಂಟೆಲ್ ಸ್ಟ್ರಾಂಗ್‌ಆರ್ಮನ್ನು ಬದಿಗಿಟ್ಟು ಎಕ್ಸ್‌ಸ್ಕೇಲ್ ಎಂಬ ಹೊಸ ವಂಶಕ್ಕೆ ತಿರುಗಿತ್ತು, ಮೇಜಿನ ಗಣಕದ ಬೆಲೆ ಇಳಿಯುತ್ತಿತ್ತು, ಮೊಬೈಲ್ ಫೋನು ಹಳ್ಳಿ ತಲುಪುತ್ತಿತ್ತು. ಎನ್‌ಕೋರ್ 2005ರಲ್ಲಿ ಮೊಬಿಲಿಸ್ ಎಂಬ ಇನ್ನೊಂದು ಯಂತ್ರದ ಕಡೆ ಹೊರಳಿತು. ಪಿಕೊಪೆಟಾವನ್ನು ಜಿಯೊಡೆಸಿಕ್ ಕಂಪನಿ ಕೊಂಡುಕೊಂಡಿತು.

ಬೋರ್ಡುಗಳು ಮೂಲೆ ಸೇರಿದ ಮೇಲೂ ಅವುಗಳಿಗೆಂದು ಹುಟ್ಟಿದ ‘ಧ್ವನಿ’ ಉಳಿಯಿತು. ಮುಕ್ತ ತಂತ್ರಾಂಶವಾಗಿದ್ದ ಅದನ್ನು ಕೇರಳದ ಸಂತೋಷ್ ತೊಟ್ಟಿಂಗಲ್ ಮುಂತಾದವರು ಎತ್ತಿಕೊಂಡು ಮಲಯಾಳಂ ಮೊದಲಾದ ಇನ್ನಷ್ಟು ಭಾರತೀಯ ಭಾಷೆಗಳಿಗೆ ಬೆಳೆಸಿದರು.